ಬೋಟಿನ ಹಿಂಬದಿಯಲ್ಲಿ ನಿಂತು ಬಾಸ್ ಹಿಡಿಯುವುದು

ನನ್ನ ಹತ್ತಿರ ಬೋಟಿಲ್ಲ. ಬೋಟಿರುವುದು ಗೆಳೆಯನ ಹತ್ತಿರ. ಹದಿನೇಳು ಅಡಿಯ ಅಲ್ಯೂಮಿನಿಯಂ ಬೋಟು, ಸೆಕೆಂಡ್ ಹ್ಯಾಂಡ್. ಹಾಗಾಗಿ ಮುಂದಿನ ಜಾಗ ಅವನದು, ಹಿಂದಿನದು ನನ್ನದು. ಬಾಸ್ ಮೀನು ಹಿಡಿಯುವ ಬಗ್ಗೆ ಸಿಗುವ ಪಾಠಗಳು ಹೆಚ್ಚಾಗಿ ಮುಂದೆ ನಿಂತವನಿಗೆ ಹೇಳಿದ್ದೇ. ಬೋಟು ಎತ್ತ ಹೋಗಬೇಕು, ಯಾವ ಮರದ ಬುಡಕ್ಕೆ ಮೊದಲು ಗಾಳ ಬೀಸಬೇಕು ಎಂದು ತೀರ್ಮಾನ ಮಾಡುವವನು ಅವನೇ ತಾನೆ. ಹಿಂದಿನವನಿಗೆ ಉಳಿಯುವುದು ಆಗಲೇ ಒಬ್ಬ ಬೀಸಿ ಮುಗಿಸಿದ ನೀರು. ಆ ನೀರಿನಲ್ಲೂ ಮೀನಿರುತ್ತದೆ. ಅದನ್ನು ನಾನು ಹೇಗೆ ತೆಗೆಯುತ್ತೇನೆ ಅನ್ನುವುದಷ್ಟೇ ಇಲ್ಲಿ ಹೇಳುವುದು.

ನಾವು ಹೋಗುವುದು ಟೆಕ್ಸಾಸ್‌ನ ಲೇಕ್ ಫೋರ್ಕ್‌ಗೆ. ಡಲ್ಲಾಸ್‌ನಿಂದ ಪೂರ್ವಕ್ಕೆ ಹೆಚ್ಚುಕಮ್ಮಿ ಒಂದೂವರೆ ತಾಸಿನ ದಾರಿ, ಕಾರಿನ ಹಿಂದೆ ಬೋಟು ಕಟ್ಟಿಕೊಂಡರೆ ಇನ್ನೂ ಸ್ವಲ್ಪ ಜಾಸ್ತಿ. ಲೇಕ್ ಅಂದರೂ ಅದು ಅಣೆಕಟ್ಟಿನ ಹಿನ್ನೀರು. 1980ರಲ್ಲಿ ನೀರು ನಿಲ್ಲಿಸಿದ್ದು, ಸುಮಾರು 27,000 ಎಕರೆ. ಮುಳುಗಲಿದ್ದ ಕಾಡನ್ನು ಪೂರ್ತಿ ಕಡಿಯದೆ, ಮೀನಿಗೆ ಆಸರೆಯಾಗಲಿ ಎಂದು ತುಂಬಾ ಭಾಗ ಹಾಗೇ ಬಿಟ್ಟರು. ಶರಾವತಿ ಹಿನ್ನೀರಿನಲ್ಲಿ ನಿಂತಿರುವ ಒಣಮರಗಳನ್ನು ನೋಡಿದವರಿಗೆ ಈ ನೋಟ ಹೊಸದಲ್ಲ. ನೀರು ತುಂಬುವ ಮೊದಲೇ ಅಲ್ಲಿನ ಸಣ್ಣ ಕೆರೆಗಳಿಗೆ ಫ್ಲೋರಿಡಾ ತಳಿಯ ಬಾಸ್ ಮರಿಗಳನ್ನು ಬಿಟ್ಟಿದ್ದರು. ಈ ತಳಿ ದೊಡ್ಡದಾಗಿ ಬೆಳೆಯುತ್ತದೆ.

ಎಷ್ಟು ದೊಡ್ಡದು ಅಂದರೆ, ಟೆಕ್ಸಾಸ್‌ನ ದಾಖಲೆಯ ಬಾಸ್ ಸಿಕ್ಕಿದ್ದು ಇಲ್ಲೇ. 1992ರ ಜನವರಿ 24ರಂದು, 18.18 ಪೌಂಡ್, ಅಂದರೆ ಎಂಟು ಕಿಲೋಗೂ ಮೇಲೆ. ಹಿಡಿದವರು ಬ್ಯಾರಿ ಸೇಂಟ್ ಕ್ಲೇರ್. ತಮಾಷೆ ಏನು ಗೊತ್ತಾ? ಅವರು ಬಾಸ್ ಹಿಡಿಯಲು ಹೋದವರೇ ಅಲ್ಲ. ಕ್ರ್ಯಾಪಿ ಅನ್ನುವ ಸಣ್ಣ ಮೀನಿಗೆ ಮರಿಮೀನು ಚುಚ್ಚಿ ಬಿಟ್ಟಿದ್ದರು. ಲೂರ್‌ಗಳಿಗೆ ದುಡ್ಡು ಸುರಿಯುವ ನಮ್ಮಂಥವರು ಈ ಕಥೆಯನ್ನು ಮನೆಯಲ್ಲಿ ಹೇಳುವುದಿಲ್ಲ.

ಲೂರ್ ಅಂದರೆ ನಕಲಿ ಎರೆ. ಪ್ಲಾಸ್ಟಿಕ್ಕಿನ ಮೀನು, ರಬ್ಬರಿನಂಥ ಮೆತ್ತನೆಯ ಹುಳು, ಕಪ್ಪೆ. ಊರಿನಲ್ಲಿ ಎರೆಹುಳು ಚುಚ್ಚಿ, ಬೆಂಡು ಅಲುಗಾಡುವುದನ್ನೇ ಕಾಯುತ್ತ ಕೂತು ಅಭ್ಯಾಸ ಇದ್ದವರಿಗೆ ಇದು ಬೇರೆ ಆಟ. ಇಲ್ಲಿ ಎರೆಗೆ ಜೀವ ಇಲ್ಲ, ಜೀವ ಇದೆ ಎಂದು ನಂಬಿಸುವುದು ನಮ್ಮ ಕೈ. ಸುಮ್ನೆ ಕೂರುವ ಹಾಗೇ ಇಲ್ಲ. ಬೀಸು, ಎಳೆ, ಮತ್ತೆ ಬೀಸು.

ಇಬ್ಬರಿದ್ದಾಗ ನಾವು ಪಾಲಿಸುವ ಮೊದಲ ನಿಯಮ: ಬೆಳಿಗ್ಗೆ ಇಬ್ಬರೂ ಒಂದೇ ಲೂರ್ ಕಟ್ಟುವುದಿಲ್ಲ. ಮುಂದಿನವನು ವೇಗದ್ದು, ಹಿಂದಿನವನು ನಿಧಾನದ್ದು. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಅವನು ಕಟ್ಟುವುದು ಕೆಂಪು ಬಣ್ಣದ ರ್‍ಯಾಟ್-ಎಲ್-ಟ್ರ್ಯಾಪ್, ಅರ್ಧ ಔನ್ಸಿನದು. ಒಳಗೆ ಗುಂಡುಗಳಿರುತ್ತವೆ, ಎಳೆದರೆ ಗಲಗಲ ಸದ್ದು. ಆ ಕಾಲದಲ್ಲಿ ಬಾಸ್‌ಗಳು ಸಿಗಡಿಯಂಥ ಕ್ರಾಫಿಶ್ ತಿನ್ನುತ್ತವೆ, ಅದಕ್ಕೇ ಕೆಂಪು ಅನ್ನುತ್ತಾರೆ. ಆಳದಲ್ಲಿ ಚಳಿಗಾಲ ಕಳೆದ ಮೀನು ಮೊಟ್ಟೆ ಇಡಲು ಹಳ್ಳದ ಜಾಡು ಹಿಡಿದು ದಂಡೆಯ ಕಡೆ ಬರುವ ಸಮಯ ಅದು. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿತು ಅಂದರೆ ಆಳವಿಲ್ಲದ ನೀರಿನ ಕಡೆಗೇ ನಮ್ಮ ಗಮನ. ಅವನು ಲೂರನ್ನು ಜೊಂಡಿನ ತುದಿಗೆ ತಾಗಿಸುತ್ತ ಎಳೆಯುತ್ತಾನೆ. ಸಿಕ್ಕಿಕೊಂಡರೆ ಜೋರಾಗಿ ಒಂದು ಜರ್ಕ್. ಬಿಡಿಸಿಕೊಂಡು ಅದು ಕೆಳಗೆ ಬೀಳುವ ಆ ಗಳಿಗೆಯಲ್ಲೇ ಮೀನು ಹೊಡೆಯುವುದು, ಅಂದರೆ ಲೂರ್‌ಗೆ ಬಾಯಿ ಹಾಕುವುದು, ಜಾಸ್ತಿ.

ಅವನು ಹೀಗೆ ಗದ್ದಲ ಎಬ್ಬಿಸಿಕೊಂಡು ಹೋದ ಮೇಲೆ ನನ್ನ ಸರದಿ. ಸದ್ದಿಗೆ ಎದ್ದು ಬಂದು ಹೊಡೆಯುವ ಮೀನು ಅವನಿಗೆ ಹೋಯಿತು. ಸದ್ದು ಕೇಳಿ ಎಚ್ಚರವಾಗಿ, ಆದರೆ ಅಟ್ಟಿಸಿಕೊಂಡು ಹೋಗದೆ ಬುಡದಲ್ಲೇ ಉಳಿದ ಮೀನು ನನ್ನದು. ಅದಕ್ಕೆ ನಾನು ಕಟ್ಟುವುದು ಟೆಕ್ಸಾಸ್ ರಿಗ್. ದಾರಕ್ಕೆ ಮೊದಲು ಬುಲೆಟ್ಟಿನ ಆಕಾರದ ಸಣ್ಣ ತೂಕ, ಆಮೇಲೆ ಬಾಗಿದ ಕುತ್ತಿಗೆಯ ಗಾಳ, ಅದಕ್ಕೆ ಪ್ಲಾಸ್ಟಿಕ್ ಹುಳು. ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸಬೇಕು. ಆಗ ಕೊಂಬೆಗಳ ನಡುವೆ ಎಸೆದರೂ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಮುಳುಗಿದ ಕಾಡಿನಲ್ಲಿ ಇದಿಲ್ಲದೆ ನಡೆಯುವುದೂ ಇಲ್ಲ. ಹಸಿರು ಕುಂಬಳದ ಬಣ್ಣ, ಕಲ್ಲಂಗಡಿ ಬಣ್ಣದ ಮೇಲೆ ಕೆಂಪು ಚುಕ್ಕೆ, ಇವೆರಡು ಬಿಟ್ಟು ಬೇರೆ ಬಣ್ಣ ಕೊಳ್ಳುವುದನ್ನು ನಾನು ನಿಲ್ಲಿಸಿದ್ದೇನೆ. ಅಂಗಡಿಯ ಗೋಡೆ ತುಂಬಾ ನೇತುಹಾಕಿರುವ ಬಣ್ಣಗಳು ಮೀನಿಗಿಂತ ಮನುಷ್ಯರನ್ನೇ ಜಾಸ್ತಿ ಹಿಡಿಯುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಟೆಕ್ಸಾಸ್ ರಿಗ್‌ನಲ್ಲಿ ಕಲಿಯಬೇಕಾದದ್ದು ಬೀಸುವುದಲ್ಲ, ದಾರ ನೋಡುವುದು. ಹುಳು ತಳಕ್ಕೆ ಬೀಳುವಾಗಲೇ ಮೀನು ಬಾಯಿಗೆ ಹಾಕಿಕೊಂಡಿರುತ್ತದೆ, ಕೈಗೆ ಏನೂ ಗೊತ್ತಾಗುವುದಿಲ್ಲ. ಹತ್ತು ಅಡಿ ನೀರಿರುವ ಕಡೆ ಐದೇ ಅಡಿಗೆ ದಾರ ಸಡಿಲ ಆಯಿತಾ? ಮೀನು. ದಾರ ತಾನಾಗಿ ಪಕ್ಕಕ್ಕೆ ಸರಿಯಿತಾ? ಮೀನು. ರಾಡ್‌ಗೆ, ಅಂದರೆ ಗಾಳದ ಕೋಲಿಗೆ, ಟಕ್ ಎಂದು ಸಣ್ಣ ಪೆಟ್ಟು ಬಿತ್ತಾ? ಅದು ಕೊಂಬೆಯೂ ಇರಬಹುದು. ಅನುಮಾನ ಬಂದರೆ ನಾನು ಹೊಡೆದೇ ಬಿಡುತ್ತೇನೆ. ರಾಡ್ ತಗ್ಗಿಸಿ, ಸಡಿಲ ದಾರ ಸುತ್ತಿಕೊಂಡು, ಒಮ್ಮೆ ಜೋರಾಗಿ ಮೇಲಕ್ಕೆ. ಮೊನೆ ಹುಳುವಿನ ಮೈ ಸೀಳಿಕೊಂಡು ಬಂದು ಮೀನಿನ ದವಡೆಗೆ ಚುಚ್ಚಬೇಕಲ್ಲ, ಮೆಲ್ಲಗೆ ಎಳೆದರೆ ಆಗುವ ಕೆಲಸ ಅಲ್ಲ. ಆಮೇಲೆ ಮೀನಿಗೆ ಯೋಚನೆ ಮಾಡಲು ಸಮಯ ಕೊಡಬಾರದು. ಮರದ ಸುತ್ತ ಒಂದು ಸುತ್ತು ಹಾಕಿತೋ, ದಾರ ಹೋಯಿತು.

ಹಿಂದಿನವನಿಗೆ ಇರುವ ದೊಡ್ಡ ತೊಂದರೆ ಬೋಟಿನ ಚಲನೆ. ಮುಂದಿನವನು ಬೋಟನ್ನು ಮೆಲ್ಲಗೆ ನಡೆಸುವ ಸಣ್ಣ ವಿದ್ಯುತ್ ಮೋಟರನ್ನು (ಟ್ರೋಲಿಂಗ್ ಮೋಟರ್) ಕಾಲಿನಲ್ಲಿ ಒತ್ತುತ್ತಲೇ ಇರುತ್ತಾನೆ. ನಾನು ಹಿಂದಕ್ಕೆ ಬೀಸಿದರೆ ಬೋಟು ಹುಳುವನ್ನು ಎಳೆದುಕೊಂಡು ಹೋಗುತ್ತದೆ. ನಿಧಾನದ ಲೂರ್ ನಿಧಾನವಾಗಿ ಉಳಿಯುವುದೇ ಇಲ್ಲ. ಅದಕ್ಕೆ ನಾನು ನೇರ ಪಕ್ಕಕ್ಕಿಂತ ಸ್ವಲ್ಪ ಮುಂದಕ್ಕೆ, ಅವನ ಗುರಿಗೆ ಅಡ್ಡ ಬರದ ಹಾಗೆ ಬೀಸುತ್ತೇನೆ. ಹುಳು ತಳ ಮುಟ್ಟಿ ಎರಡು ಬಾರಿ ಕುಪ್ಪಳಿಸುವ ಹೊತ್ತಿಗೆ ಬೋಟು ಅದರ ನೇರಕ್ಕೆ ಬಂದಿರುತ್ತದೆ. ಆ ಬದಿ ಏನೂ ಸಿಗದಿದ್ದರೆ ಬೋಟಿನ ಇನ್ನೊಂದು ಬದಿ, ಆಳದ ಕಡೆ. ಎಲ್ಲರೂ ದಂಡೆ ನೋಡಿಕೊಂಡು ಬೀಸುತ್ತಾರೆ. ಬಿಸಿಲೇರಿದ ಮೇಲೆ ಮೀನು ನಮ್ಮ ಬೆನ್ನಿನ ಕಡೆ ಇರುವುದು ಅಪರೂಪವೇನಲ್ಲ.

ಇನ್ನೊಂದು ರಾಡ್ ಯಾವಾಗಲೂ ಕಾಲಬಳಿ ತಯಾರಿರುತ್ತದೆ. ಅದಕ್ಕೆ ಸೆಂಕೋ ಅನ್ನುವ ಕಡ್ಡಿಯಂಥ ಹುಳು, ನಡುವಿಗೆ ಗಾಳ ಚುಚ್ಚಿದ್ದು. ತೂಕ ಏನೂ ಬೇಡ. ನೀರಿಗೆ ಬಿದ್ದರೆ ಎರಡೂ ತುದಿ ನಡುಗಿಸಿಕೊಂಡು ಮೆಲ್ಲಗೆ ಇಳಿಯುತ್ತದೆ. ಗೆಳೆಯನ ಲೂರ್‌ಗೆ ಮೀನು ಹೊಡೆದು ತಪ್ಪಿಸಿಕೊಂಡರೆ ಅವನು ಕೂಗುತ್ತಾನೆ, “ಹೋಯ್ತು ಮಾರಾಯ, ಬೇಗ ಹಾಕು ಅಲ್ಲಿಗೆ!” ನೀರಿನ ಉಂಗುರ ಇನ್ನೂ ಅಗಲ ಆಗುತ್ತಿರುವಾಗಲೇ ನನ್ನ ಸೆಂಕೋ ಅಲ್ಲಿ ಬೀಳಬೇಕು. ಸಿಟ್ಟಾದ ಮೀನು ಹಿಂದೆ ತಿರುಗಿ ಬರುತ್ತದೆ. ಒಬ್ಬನೇ ಇದ್ದರೆ ಒಂದು ರಾಡ್ ಕೆಳಗಿಟ್ಟು ಇನ್ನೊಂದು ಎತ್ತಿಕೊಳ್ಳುವಷ್ಟರಲ್ಲಿ ಆ ಅವಕಾಶ ಮುಗಿದಿರುತ್ತದೆ.

ಹೀಗೆ ಒಂದೆರಡು ತಾಸು ಕಳೆದರೆ ಉತ್ತರ ಸಿಗುತ್ತದೆ. ಇವತ್ತು ವೇಗದ್ದಾ, ನಿಧಾನದ್ದಾ? ಜೊಂಡಾ, ಮರವಾ? ಗೊತ್ತಾದ ಮೇಲೆ ಇಬ್ಬರೂ ಅದನ್ನೇ ಕಟ್ಟುತ್ತೇವೆ. ಉತ್ತರ ದಿಕ್ಕಿನ ತಣ್ಣನೆ ಗಾಳಿ ಬೀಸಿ ಹೋದ ಮರುದಿನ, ಆಕಾಶ ನೀಲಿಯಾಗಿ ಹೊಳೆಯುವಾಗ, ಅವನ ಕೆಂಪು ಲೂರ್ ಹೆಚ್ಚಾಗಿ ಪೆಟ್ಟಿಗೆ ಸೇರುತ್ತದೆ. ಅಂಥ ದಿನ ಹಿಂದಿನ ಸೀಟೇ ಮೇಲು. ಗಾಳಿಯಿದ್ದು ನೀರು ಕಲಕಿದ ದಿನ ಅವನದೇ ರಾಜ್ಯ.

ಎರಡು ರಾಡ್ ಒಂದೇ ಬೋಟಿನಲ್ಲಿ ಅಂದರೆ ಜಾಗ್ರತೆಯೂ ಬೇಕು. ಅವನ ಲೂರ್‌ಗೆ ಮೂರು ಮೊನೆಯ ಗಾಳ ಎರಡು, ಒಟ್ಟು ಆರು ಮೊನೆ. ತಲೆಯ ಮೇಲಿಂದ ಬೀಸುವುದಿದ್ದರೆ ಮೊದಲು ಬಾಯಲ್ಲಿ ಹೇಳಬೇಕು. ಮೋಡ ಇದ್ದರೂ ಇಬ್ಬರಿಗೂ ಕನ್ನಡಕ ಕಡ್ಡಾಯ. ಇಕ್ಕಳ ಇಬ್ಬರ ಕೈಗೂ ಎಟುಕುವ ಹಾಗೆ ನಡುವಿನಲ್ಲಿ. ದೊಡ್ಡ ಎಂಜಿನ್ ಶುರು ಮಾಡುವ ಮುಂಚೆ ಲೈಫ್ ಜಾಕೆಟ್ ಹಾಕಿ, ಕಿಲ್ ಸ್ವಿಚ್ಚಿನ ಬಳ್ಳಿಯನ್ನು ಅವನು ಮೈಗೆ ಸಿಕ್ಕಿಸಿಕೊಳ್ಳುತ್ತಾನೆ. ಅವನು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಬಳ್ಳಿ ಸಿಕ್ಕಿಸಿಕೊಳ್ಳುವುದು ಕಾನೂನು ಕೂಡ. ಬೋಟ್ ಓಡಾಡಲು ಮರ ತೆಗೆದು ಗುರುತು ಹಾಕಿದ ದಾರಿಗಳಿವೆ. ಅದರಾಚೆ ಆಮೆ ವೇಗ. ನೀರಿಗೆ ಒಂದು ಗೇಣು ಕೆಳಗಿರುವ ಬೊಡ್ಡೆ ಕಾಣುವುದೇ ಇಲ್ಲ.

ಮೀನು ಬೋಟಿನ ಹತ್ತಿರ ಬಂದಾಗ ಇನ್ನೊಬ್ಬ ತನ್ನ ರಾಡ್ ಇಟ್ಟು ಬಲೆ ಹಿಡಿಯಬೇಕು. ಬಲೆ ನೀರಿನೊಳಗೆ ಇರಬೇಕು, ಮೀನನ್ನು ತಲೆ ಮುಂದಾಗಿ ಅದರ ಮೇಲೆ ತರಬೇಕು. ಮೀನಿನ ಬೆನ್ನು ಹತ್ತಿ ಬಲೆ ಬೀಸಿದರೆ ದಾರಕ್ಕೆ ತಾಗಿ ಕಿತ್ತುಹೋಗುತ್ತದೆ. ಬಾಸ್‌ಗೆ ಚೂಪಾದ ಹಲ್ಲಿಲ್ಲ, ಮರಳು ಕಾಗದದಂಥ ಒರಟು ಅಷ್ಟೇ. ಕೆಳದವಡೆಗೆ ಹೆಬ್ಬೆರಳು ಹಾಕಿ ಹಿಡಿಯಬಹುದು. ದೊಡ್ಡದಾದರೆ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಲೇಬೇಕು, ಇಲ್ಲದಿದ್ದರೆ ಅದರ ಭಾರಕ್ಕೆ ಅದರ ದವಡೆಯೇ ಕೆಡುತ್ತದೆ.

ಅಳತೆಪಟ್ಟಿ ಇಲ್ಲಿ ಬೇಕೇ ಬೇಕು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ. ಒಬ್ಬರಿಗೆ ದಿನಕ್ಕೆ ಐದು, ಅದರಲ್ಲಿ 24 ಇಂಚು ಅಥವಾ ಅದಕ್ಕೂ ದೊಡ್ಡದು ಒಂದೇ. ಒಳ್ಳೆಯ ಗಾತ್ರದ ಮೀನು ಮೊಟ್ಟೆ ಇಟ್ಟು ಬೆಳೆಯಲಿ ಅನ್ನುವ ಲೆಕ್ಕ. ದೊಡ್ಡದನ್ನಂತೂ ನಾವು ಫೋಟೋ ತೆಗೆದು ಬಿಡುತ್ತೇವೆ. ಚಿಕ್ಕವು ಒಂದೆರಡು ಬಂದರೆ ಮುಳ್ಳು ತೆಗೆದು, ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ. ರುಚಿ ಪರವಾಗಿಲ್ಲ. ಕ್ರ್ಯಾಪಿಯ ಹತ್ತಿರಕ್ಕೂ ಬರುವುದಿಲ್ಲ ಅನ್ನುವುದು ಬೇರೆ ಮಾತು.

ಹೊಸದಾಗಿ ಬಂದವರು ಲೈಸೆನ್ಸ್ ಬಗ್ಗೆ ಕೇಳುತ್ತಾರೆ. ವೀಸಾ ಯಾವುದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಟೆಕ್ಸಾಸ್‌ನಲ್ಲಿ ಸತತ ಆರು ತಿಂಗಳು ದಾಟಿದ್ದರೆ ನಿವಾಸಿಗಳ ದರದಲ್ಲೇ ಸಿಗುತ್ತದೆ. 17 ತುಂಬದ ಮಕ್ಕಳಿಗೆ ಬೇಡವೇ ಬೇಡ. ಲೈಸೆನ್ಸ್ ಇಲ್ಲದೆ ರಾಡ್ ಹಿಡಿಯಬೇಡಿ.

ಬೋಟಿನ ಸಾಲ, ಇನ್ಶೂರೆನ್ಸ್, ಬ್ಯಾಟರಿ ಎಲ್ಲ ಗೆಳೆಯನದು. ಹಾಗಾಗಿ ಕಾರಿನ ಪೆಟ್ರೋಲು, ಬೋಟಿನ ಪೆಟ್ರೋಲು, ಊಟ ನನ್ನ ಪಾಲು. ಚಿತ್ರಾನ್ನ, ಮೊಸರನ್ನ ಬಿಸಿಲಿಗೂ ಹೊಟ್ಟೆಗೂ ಹಿತ, ಕೈ ತೊಳೆದುಕೊಂಡು ತಿಂದರಾಯಿತು. ಬೋಟನ್ನು ಮೇಲಕ್ಕೆ ಎಳೆದ ಮೇಲೆ ಅದರೊಳಗಿನ ನೀರು ಪೂರ್ತಿ ಬಸಿದು ಹೋಗುವ ಹಾಗೆ ಬಿರಡೆ ತೆಗೆಯುವುದೂ, ಜೊಂಡು ಕೀಳುವುದೂ ನನ್ನ ಕೆಲಸ. ಜೀಬ್ರಾ ಮಸೆಲ್ ಅನ್ನುವ ಸಣ್ಣ ಚಿಪ್ಪುಜೀವಿ 2009ರಲ್ಲಿ ಟೆಕ್ಸಾಸ್‌ನ ಉತ್ತರ ಗಡಿಯ ಲೇಕ್ ಟೆಕ್ಸೋಮಾದಲ್ಲಿ ಕಾಣಿಸಿಕೊಂಡು, ಬೋಟುಗಳ ಜೊತೆಗೇ ಬೇರೆ ಕೆರೆಗಳಿಗೂ ಹಬ್ಬಿತು. ನೀರು ಖಾಲಿ ಮಾಡದೆ ರಸ್ತೆಗಿಳಿದರೆ ದಂಡ.

ಜೂನ್‌ನಿಂದ ಲೆಕ್ಕ ಬದಲು. ಬೆಳಕು ಹರಿಯುವ ಹೊತ್ತಿಗೆ ರಬ್ಬರ್ ಕಪ್ಪೆಯನ್ನು ಜೊಂಡಿನ ಮೇಲೆ ಕುಣಿಸುವುದು, ಹತ್ತು ಗಂಟೆಗೆ ಬೋಟು ಎಳೆದು ಮನೆ. ಆ ಬಿಸಿಲಿನಲ್ಲಿ ಅಲ್ಯೂಮಿನಿಯಂ ಮುಟ್ಟಲೂ ಆಗುವುದಿಲ್ಲ.