ಹಾಲ್‌ನ ಟಿ.ವಿ.ಗೆ ಕನ್ಸೋಲೋ ಪುಟ್ಟ ಗೇಮಿಂಗ್ ಪಿಸಿಯೋ: ನನ್ನ ಅನುಭವ

ಟಿ.ವಿ.ಗೆ ಜೋಡಿಸಿ ಆಡಲು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂತಹ ಕನ್ಸೋಲ್ ಕೊಳ್ಳುವುದೋ, ಸಣ್ಣ ಗಾತ್ರದ ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸುವುದೋ ಎಂಬ ಪ್ರಶ್ನೆ ಎದ್ದಾಗ ಹೆಚ್ಚಿನವರು ಗ್ರಾಫಿಕ್ಸ್‌ನ ಬಲವನ್ನೂ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. 2024ರಲ್ಲಿ ನಮ್ಮ ಮನೆಗಾಗಿ ಈ ನಿರ್ಧಾರ ಮಾಡುವಾಗ ನಾನು ಅದಕ್ಕೂ ಮೊದಲು ಕೇಳಿಕೊಂಡದ್ದು ಬೇರೆ ಎರಡು ಪ್ರಶ್ನೆಗಳನ್ನು: ಹಾಲ್‌ನಲ್ಲಿರುವ ಈ ಯಂತ್ರವನ್ನು ಮನೆಯಲ್ಲಿ ಯಾರು ಯಾರು ಆನ್ ಮಾಡುತ್ತಾರೆ, ಮತ್ತು ಅದು ಹಟ ಹಿಡಿದಾಗ ಕುಳಿತು ಸರಿಪಡಿಸುವವರು ಯಾರು? ಇವೆರಡಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿದ ಲೆಕ್ಕಾಚಾರ ತಾನಾಗಿಯೇ ಹಗುರವಾಯಿತು.

ನಮ್ಮದು ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಕಂಪ್ಯೂಟರ್ ಮೇಜಿಗೆಂದು ಪ್ರತ್ಯೇಕ ಕೋಣೆಯಿಲ್ಲ. ಇದ್ದ ಹಳೆಯ ಡೆಸ್ಕ್‌ಟಾಪ್‌ಗೆ ಬ್ಲೆಂಡರ್ ಎಂಬ 3ಡಿ ಚಿತ್ರಣದ ತಂತ್ರಾಂಶದಲ್ಲಿ ಮಗಳು ಮಾಡುವ ಕೆಲಸದ ಭಾರ ಹೊರುವ ಶಕ್ತಿ ಉಳಿದಿರಲಿಲ್ಲ. ಮಗನಿಗೆ ಮೌಸ್ ಹಿಡಿದೇ ಆಡಬೇಕಾದ ಏಜ್ ಆಫ್ ಎಂಪೈರ್ಸ್‌ನಂತಹ ಆಟಗಳು ಇಷ್ಟ. ನಾನು ವರ್ಷಗಟ್ಟಲೆ ಸ್ಟೀಮ್ ಎಂಬ ಆನ್‌ಲೈನ್ ಪಿಸಿ ಆಟಗಳ ಅಂಗಡಿಯ ರಿಯಾಯಿತಿ ಮಾರಾಟಗಳಲ್ಲಿ ಕೊಂಡಿಟ್ಟ ಆಟಗಳ ದೊಡ್ಡ ಸಂಗ್ರಹವೇ ಇತ್ತು. ಕನ್ಸೋಲ್ ತಂದರೆ ಆ ಸಂಗ್ರಹವನ್ನೆಲ್ಲ ಬದಿಗಿಟ್ಟು ಹೊಸದಾಗಿ ಆರಂಭಿಸಬೇಕು, ಜೊತೆಗೆ ಮಗಳ ಕೆಲಸಕ್ಕೆ ಇನ್ನೊಂದು ಕಂಪ್ಯೂಟರನ್ನೂ ಕೊಳ್ಳಬೇಕು. ದುರಸ್ತಿ, ಅಪ್‌ಡೇಟ್, ಸೆಟ್ಟಿಂಗ್‌ಗಳ ಹೊಣೆ ಹೊರಲು ನಾನಿದ್ದೆ. ಆ ಕೆಲಸ ನನಗೆ ಹಿಡಿಸುವಂಥದ್ದೂ ಹೌದು. ನಮ್ಮ ಆಯ್ಕೆ ಪಿಸಿಯ ಕಡೆಗೆ ವಾಲಿದ್ದು ಈ ಕಾರಣಗಳಿಂದ. ಕನ್ಸೋಲ್‌ನಲ್ಲಿ ಕೊರತೆ ಕಂಡು ಅಲ್ಲ.

ಬೆಲೆಯ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ವರ್ಷದ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದ ಪ್ಲೇಸ್ಟೇಷನ್ 5 ಸ್ಲಿಮ್‌ನ ಡಿಸ್ಕ್ ಮಾದರಿಗೆ 54,990 ರೂಪಾಯಿ, ಡಿಸ್ಕ್ ಇಲ್ಲದ ಮಾದರಿಗೆ 44,990 ರೂಪಾಯಿ ಇತ್ತು. ನಾನು ಕಟ್ಟಿಸಿದ ಪಿಸಿಗೆ ಒಂದು ಲಕ್ಷದ ಮೂವತ್ತೈದು ಸಾವಿರದ ಆಸುಪಾಸು ಖರ್ಚಾಯಿತು. ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಕೆಳಗಿಳಿಸಿದ್ದರೆ ಇಪ್ಪತ್ತೈದು ಸಾವಿರ ಉಳಿಯುತ್ತಿತ್ತು. ಹಾಗಿದ್ದರೂ ಕನ್ಸೋಲ್‌ನ ಬೆಲೆಗೆ ಅದು ಹತ್ತಿರವೂ ಬರುತ್ತಿರಲಿಲ್ಲ. ಕನ್ಸೋಲ್‌ಗೆ ತೆರುವಷ್ಟೇ ಹಣದಲ್ಲಿ ಅದಕ್ಕೆ ಸಮನಾದ ಹೊಸ ಪಿಸಿಯನ್ನು, ಅದರಲ್ಲೂ ಸಣ್ಣ ಗಾತ್ರದ್ದನ್ನು, ನಮ್ಮ ಮಾರುಕಟ್ಟೆಯಲ್ಲಿ ಕಟ್ಟಿಸಲಾಗದು ಎಂಬುದನ್ನು ಒಪ್ಪಿಕೊಂಡೇ ಈ ದಾರಿ ಹಿಡಿಯಬೇಕು. ಆಟಗಳ ಖರ್ಚು ಮುಂದಿನ ವರ್ಷಗಳಲ್ಲಿ ಆ ಅಂತರವನ್ನು ಸ್ವಲ್ಪ ತುಂಬುತ್ತದೆ. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಯುಪಿಐ ಮೂಲಕ ಪಾವತಿಸಬಹುದು, ಆನ್‌ಲೈನ್‌ನಲ್ಲಿ ಇತರರೊಡನೆ ಆಡಲು ಪ್ರತ್ಯೇಕ ಚಂದಾ ಬೇಕಿಲ್ಲ. ಪ್ಲೇಸ್ಟೇಷನ್‌ನಲ್ಲಾದರೋ ಉಚಿತ ಆಟಗಳನ್ನು ಬಿಟ್ಟರೆ ಉಳಿದವುಗಳನ್ನು ಆನ್‌ಲೈನ್‌ನಲ್ಲಿ ಕೂಡಿ ಆಡಲು ಪಿಎಸ್ ಪ್ಲಸ್ ಚಂದಾ ಕಟ್ಟಬೇಕು. ಆದರೆ ಡಿಸ್ಕ್ ಇರುವ ಕನ್ಸೋಲ್‌ನವರಿಗೆ ಇನ್ನೊಂದು ಅನುಕೂಲವಿದೆ. ಐದು ಸಾವಿರ ರೂಪಾಯಿಯ ಆಟವನ್ನು ಆಡಿ ಮುಗಿಸಿ ಅರ್ಧಕ್ಕಿಂತ ಹೆಚ್ಚಿನ ಬೆಲೆಗೆ ಮಾರುವವರು, ಸ್ನೇಹಿತರೊಡನೆ ಅದಲುಬದಲು ಮಾಡಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪಿಸಿಯ ಆಟವನ್ನು ಹಾಗೆ ಕೈಬದಲಿಸಲು ಸಾಧ್ಯವಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ದೊಡ್ಡ ಆಟಗಳನ್ನಷ್ಟೇ ಆಡುವ ಮನೆಗೆ ಡಿಸ್ಕ್ ಮಾದರಿಯೇ ಎಲ್ಲಕ್ಕಿಂತ ಅಗ್ಗದ ಹಾದಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾತ್ರದ ವಿಷಯದಲ್ಲೂ ಕನ್ಸೋಲ್‌ನದ್ದೇ ಮೇಲುಗೈ. ಪಿಎಸ್5 ಸ್ಲಿಮ್ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ ಏಳು ಲೀಟರಿನ ಆಸುಪಾಸಿನ ಘನಗಾತ್ರದವು. ಅಷ್ಟರೊಳಗೇ ವಿದ್ಯುತ್ ಪೂರೈಕೆಯ ಭಾಗವೂ ಅಡಗಿದೆ. ನಾನು ಆರಿಸಿದ ಕೂಲರ್ ಮಾಸ್ಟರ್ ಎನ್‌ಆರ್200ಪಿ ಕ್ಯಾಬಿನೆಟ್ ಸುಮಾರು 18 ಲೀಟರಿನದು, ಬೂಟಿನ ಪೆಟ್ಟಿಗೆಯ ಹಾಗಿದೆ. ಹತ್ತು ಹನ್ನೆರಡು ಲೀಟರಿನ ತೆಳುವಾದ ಕ್ಯಾಬಿನೆಟ್‌ಗಳು ಇಲ್ಲದಿಲ್ಲ. ಅವುಗಳಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡಿನ ಬೆನ್ನಿಗೆ ತಿರುಗಿಸಿ ಕೂರಿಸಲು ಅವೆರಡನ್ನೂ ಜೋಡಿಸುವ ರೈಸರ್ ಕೇಬಲ್ ಬೇಕಾಗುತ್ತದೆ, ಪ್ರೊಸೆಸರಿನ ಮೇಲೆ ಗಿಡ್ಡ ಕೂಲರ್ ಮಾತ್ರ ಹಿಡಿಸುತ್ತದೆ. ನಮ್ಮ ಧೂಳಿಗೂ ಏಪ್ರಿಲ್ ತಿಂಗಳ ಸೆಕೆಗೂ ಸ್ವಲ್ಪ ಉಸಿರಾಡುವ ಜಾಗವಿರುವ ಪೆಟ್ಟಿಗೆಯೇ ಒಳ್ಳೆಯದೆಂದು ನಾನು ದೊಡ್ಡದನ್ನೇ ಆರಿಸಿಕೊಂಡೆ. ಅದು ಟಿ.ವಿ. ಯೂನಿಟ್‌ನ ಅರೆಯೊಳಗೆ ಹೋಗುವುದಿಲ್ಲ, ಪಕ್ಕದಲ್ಲಿ ನಿಂತಿದೆ. ಹಿಂಬದಿ ಮುಚ್ಚಿರುವ ಅರೆಯೊಳಗೆ ಕನ್ಸೋಲನ್ನಾಗಲಿ ಪಿಸಿಯನ್ನಾಗಲಿ ತಳ್ಳಿಡುವುದು ಸರಿಯಲ್ಲ. ಹೊರಬಂದ ಬಿಸಿಗಾಳಿಯನ್ನೇ ಅದು ಮತ್ತೆ ಒಳಗೆಳೆದುಕೊಳ್ಳುತ್ತದೆ.

ಸಾಮಾನು ಕೊಂಡದ್ದು ಎಸ್.ಪಿ. ರಸ್ತೆಯಲ್ಲಿ. ಸಾಮಾನ್ಯ ಡೆಸ್ಕ್‌ಟಾಪಿನ ಬಿಡಿಭಾಗಗಳಿಗೆ ಅಲ್ಲಿ ಕೊರತೆಯೇ ಇಲ್ಲ, ಆದರೆ ಸಣ್ಣ ಗಾತ್ರದ ಭಾಗಗಳನ್ನು ಅಂಗಡಿಯವರು ಕಡಿಮೆ ಇಟ್ಟುಕೊಳ್ಳುತ್ತಾರೆ. 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಮದರ್‌ಬೋರ್ಡಿಗೆ, ಅದೇ ಚಿಪ್‌ಸೆಟ್‌ನ ದೊಡ್ಡ ಬೋರ್ಡಿನ ಹೆಚ್ಚುಕಡಿಮೆ ಎರಡು ಪಟ್ಟು ಬೆಲೆ ಕೊಡಬೇಕಾಯಿತು. ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಅಳತೆಯ ಎಸ್‌ಎಂಪಿಎಸ್ (ವಿದ್ಯುತ್ ಪೂರೈಕೆಯ ಭಾಗ) ಅನ್ನು ಮುಂಗಡ ಕೊಟ್ಟು ತರಿಸಿಕೊಳ್ಳಬೇಕಾಯಿತು. ಇಲ್ಲಿ ಆಯ್ಕೆಯ ಕ್ರಮ ಮುಖ್ಯ: ಮೊದಲು ಕ್ಯಾಬಿನೆಟ್, ಆಮೇಲೆ ಅದರೊಳಗೆ ಹಿಡಿಸುವ ಉದ್ದ ಮತ್ತು ದಪ್ಪದ ಗ್ರಾಫಿಕ್ಸ್ ಕಾರ್ಡು, ಆಮೇಲೆ ಕೂಲರ್‌ನ ಎತ್ತರ, ಕೊನೆಗೆ ಉಳಿದದ್ದು. ಕಾರ್ಡಿನ ದಪ್ಪವನ್ನು ಅನೇಕರು ಗಮನಿಸುವುದಿಲ್ಲ. ಒಂದೇ ಚಿಪ್ ಇರುವ ಕಾರ್ಡುಗಳನ್ನು ಬೇರೆ ಬೇರೆ ಕಂಪನಿಗಳು ಎರಡು ಫ್ಯಾನಿನ ಗಿಡ್ಡ ಮಾದರಿಯಾಗಿಯೂ ಮೂರು ಫ್ಯಾನಿನ ದೈತ್ಯವಾಗಿಯೂ ತಯಾರಿಸುತ್ತವೆ. ನಮಗೆ ಬೇಕಾದದ್ದು ಎರಡು ಫ್ಯಾನಿನದು. ನಾನು ಹಾಕಿಸಿದ್ದು ರೈಜೆನ್ 5 7600 ಪ್ರೊಸೆಸರ್, 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4070 ಕಾರ್ಡು, 32 ಜಿಬಿ ರ್‍ಯಾಮ್. 4ಕೆ ಟಿ.ವಿ.ಗೆ ಜೋಡಿಸುವ ಪಿಸಿಗೆ 8 ಜಿಬಿ ಮೆಮೊರಿಯ ಕಾರ್ಡು ಇನ್ನು ಮುಂದೆ ಸಾಲದು ಎಂಬುದು ನನ್ನ ಎಣಿಕೆಯಾಗಿತ್ತು.

ಇನ್ನು ಇಡೀ ವಿಷಯದ ತಿರುಳಿಗೆ ಬರುತ್ತೇನೆ. ಕನ್ಸೋಲ್‌ನಲ್ಲಿ ಕಂಟ್ರೋಲರಿನ ಗುಂಡಿ ಒತ್ತಿದರೆ ಎಚ್‌ಡಿಎಂಐ ತಂತಿಯ ಮೂಲಕವೇ ಸೂಚನೆ ಹೋಗಿ ಟಿ.ವಿ. ಹೊತ್ತಿಕೊಳ್ಳುತ್ತದೆ, ಸರಿಯಾದ ಇನ್‌ಪುಟ್ ತಾನಾಗಿ ಬರುತ್ತದೆ, ನಿನ್ನೆ ಬಿಟ್ಟ ಜಾಗದಿಂದ ಆಟ ಮುಂದುವರಿಯುತ್ತದೆ. ಸಿಇಸಿ ಎಂದು ಕರೆಯುವ ಈ ಸೂಚನೆ ಕಳಿಸುವ ಸೌಲಭ್ಯ ಸಾಮಾನ್ಯ ಪಿಸಿಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಇಲ್ಲ. ಅದಕ್ಕೆಂದೇ ಸಿಗುವ ಪ್ರತ್ಯೇಕ ಅಡಾಪ್ಟರ್ ಹಾಕಿಕೊಳ್ಳಬೇಕು, ಇಲ್ಲವೇ ನಮ್ಮ ಹಾಗೆ ರಿಮೋಟಿನಿಂದಲೇ ಟಿ.ವಿ. ಹಾಕಬೇಕು. ಇನ್ನೊಂದು ವ್ಯತ್ಯಾಸ ಆಟದ ಒಳಗೇ ಇದೆ. ಒಂದು ಮಾದರಿಯ ಕನ್ಸೋಲ್‌ಗಳೆಲ್ಲವುಗಳ ಒಳಗಿರುವ ಚಿಪ್ ಒಂದೇ ಆದ್ದರಿಂದ ಅದಕ್ಕೆ ಬೇಕಾದ ಶೇಡರ್‌ಗಳನ್ನು (ದೃಶ್ಯ ಮೂಡಿಸಲು ಚಿಪ್‌ಗೆ ಕೊಡುವ ಪುಟ್ಟ ಪ್ರೋಗ್ರಾಂಗಳನ್ನು) ಆಟದ ತಯಾರಕರು ಮೊದಲೇ ಸಿದ್ಧಪಡಿಸಿ ಕಳಿಸುತ್ತಾರೆ. ಪಿಸಿಯಲ್ಲಿ ಯಾವ ಕಾರ್ಡಿರುತ್ತದೆಂದು ಅವರಿಗೆ ತಿಳಿಯದು. ಹಾಗಾಗಿ ಆ ಕೆಲಸ ನಮ್ಮ ಮನೆಯಲ್ಲೇ ನಡೆಯಬೇಕು, ಆಟ ಮೊದಲ ಸಲ ತೆರೆದಾಗ ಹಲವು ನಿಮಿಷ ಕಾಯಬೇಕು, ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಬದಲಾದಾಗ ಮತ್ತೆ ಕಾಯಬೇಕು. ಈ ಕೆಲಸವನ್ನು ಮುಂಚಿತವಾಗಿ ಮಾಡದ ಆಟಗಳು ನಡುನಡುವೆ ಕ್ಷಣಕಾಲ ತಡವರಿಸುತ್ತವೆ. ಹೆಚ್ಚು ಬಲದ ಕಾರ್ಡು ಹಾಕಿದರೂ ಈ ತಡವರಿಕೆ ಪೂರ್ತಿ ಹೋಗುವುದಿಲ್ಲ.

ಪಿಸಿಯನ್ನು ಆದಷ್ಟೂ ಕನ್ಸೋಲ್‌ನಂತೆ ನಡೆದುಕೊಳ್ಳುವ ಹಾಗೆ ಮಾಡಲು ನಾನು ತಾಳ್ಮೆಯಿಂದ ಕೆಲಸ ಮಾಡಿದೆ. ವಿಂಡೋಸ್‌ನಲ್ಲಿ ಆಟಕ್ಕೆಂದೇ ಪ್ರತ್ಯೇಕ ಖಾತೆ ತೆರೆದು, ಪಾಸ್‌ವರ್ಡ್ ಕೇಳದೆ ನೇರವಾಗಿ ಅದು ತೆರೆದುಕೊಳ್ಳುವಂತೆಯೂ ಕೂಡಲೇ ಕಂಟ್ರೋಲರ್‌ನಿಂದಲೇ ನಡೆಸಬಹುದಾದ ಸ್ಟೀಮ್‌ನ ಬಿಗ್ ಪಿಕ್ಚರ್ ಪರದೆ ಬರುವಂತೆಯೂ ಹೊಂದಿಸಿದೆ. ಮಗಳ ಕೆಲಸದ ಖಾತೆ ಬೇರೆ, ಅದಕ್ಕೆ ಪಾಸ್‌ವರ್ಡ್ ಇದೆ. ಪಿಸಿಯನ್ನು ಪೂರ್ತಿ ಆಫ್ ಮಾಡದೆ ಸ್ಲೀಪ್‌ನಲ್ಲಿ ಬಿಡುತ್ತೇವೆ. ಬ್ಲೂಟೂತ್ ಕಂಟ್ರೋಲರ್‌ನಿಂದ ಅದನ್ನು ಎಬ್ಬಿಸುವುದು ಎಲ್ಲ ಮದರ್‌ಬೋರ್ಡ್‌ಗಳಲ್ಲೂ ಆಗುವುದಿಲ್ಲ. ನಮ್ಮದರಲ್ಲಿ ಆಗಲಿಲ್ಲವಾದ್ದರಿಂದ ಟಚ್‌ಪ್ಯಾಡ್ ಇರುವ ಪುಟ್ಟ ವೈರ್‌ಲೆಸ್ ಕೀಬೋರ್ಡ್ ತಂದಿಟ್ಟಿದ್ದೇವೆ, ಅದರ ಯಾವ ಕೀಲಿ ಒತ್ತಿದರೂ ಯಂತ್ರ ಎಚ್ಚರವಾಗುತ್ತದೆ. ಬೋರ್ಡಿನ ಜೊತೆ ಬರುವ ವೈಫೈ ಆಂಟೆನಾವನ್ನು ಹಾಕದೆ ಬಿಟ್ಟರೆ ಬ್ಲೂಟೂತ್ ಕೂಡ ದುರ್ಬಲವಾಗಿ, ಸೋಫಾದಲ್ಲಿ ಕುಳಿತವರ ಕೈಯ ಕಂಟ್ರೋಲರ್ ಆಗಾಗ ಕಡಿದುಹೋಗುತ್ತದೆ. ವೈಫೈ ಬಳಸದವರೂ ಅದನ್ನು ಹಾಕಲೇಬೇಕು. ಕೀಬೋರ್ಡಿನ ರಿಸೀವರನ್ನು ಯುಎಸ್‌ಬಿ 3 ಕಿಂಡಿಗೆ ನೇರವಾಗಿ ಸಿಕ್ಕಿಸದೆ, ಒಂದು ಎಕ್ಸ್‌ಟೆನ್ಷನ್ ತಂತಿಯ ತುದಿಯಲ್ಲಿ ಮುಂದಕ್ಕೆ ತಂದಿಡುವುದು ಒಳ್ಳೆಯದು, ಏಕೆಂದರೆ ಆ ಕಿಂಡಿಗಳಿಂದ ಹೊಮ್ಮುವ ವಿದ್ಯುತ್ಕಾಂತೀಯ ಗದ್ದಲ ವೈರ್‌ಲೆಸ್ ಕೀಬೋರ್ಡ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿ ಮಾಡುತ್ತದೆ.

ಟಿ.ವಿ.ಯ ಬದಿಯಲ್ಲೂ ಕೆಲಸವಿದೆ. ಹೆಚ್ಚಿನ ಟಿ.ವಿ.ಗಳಲ್ಲಿ 4ಕೆ 120 ಹರ್ಟ್ಸ್ ಸ್ವೀಕರಿಸುವ ಎಚ್‌ಡಿಎಂಐ 2.1 ಕಿಂಡಿಗಳು ಒಂದೋ ಎರಡೋ ಮಾತ್ರ ಇರುತ್ತವೆ, ಆ ಕಿಂಡಿಯ ಪೂರ್ಣ ಸಾಮರ್ಥ್ಯವನ್ನು ಸೆಟ್ಟಿಂಗ್‌ನಲ್ಲಿ ನಾವೇ ತೆರೆಯಬೇಕು. ಗೇಮ್ ಮೋಡ್ ಹಾಕದಿದ್ದರೆ ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಚಲನೆ ಕಾಣುವುದಕ್ಕೂ ನಡುವೆ ವಿಳಂಬ ಎದ್ದು ಕಾಣುತ್ತದೆ. ಕನ್ಸೋಲ್ ಆದರೆ ಹೊಸ ಟಿ.ವಿ.ಗಳು ತಾವೇ ಆ ಮೋಡ್‌ಗೆ ಹೊರಳುತ್ತವೆ. ಕಪ್ಪು ಬಣ್ಣ ಬೂದಿಯಂತೆ ಮಂಕಾಗಿ ಕಂಡರೆ ಕಾರ್ಡು ಕಳಿಸುವ ಬಣ್ಣದ ವ್ಯಾಪ್ತಿಯೂ ಟಿ.ವಿ. ನಿರೀಕ್ಷಿಸುವ ವ್ಯಾಪ್ತಿಯೂ ಬೇರೆಯಾಗಿವೆ ಎಂದರ್ಥ. ಎರಡೂ ಕಡೆ ಒಂದೇ ಮಾಡಬೇಕು.

ವಿಂಡೋಸ್ ಬದಲು ಕನ್ಸೋಲ್‌ನಂತೆಯೇ ತೆರೆದುಕೊಳ್ಳುವ ಬ್ಯಾಝೈಟ್ ಎಂಬ ಲಿನಕ್ಸ್ ವ್ಯವಸ್ಥೆಯನ್ನೂ ನಾನು ಪರಿಶೀಲಿಸಿದೆ. ನಿದ್ರೆಯಿಂದ ಎಚ್ಚರಗೊಳ್ಳುವುದು, ಕಂಟ್ರೋಲರ್‌ನಿಂದಲೇ ಎಲ್ಲವನ್ನೂ ನಡೆಸುವುದು ಅದರಲ್ಲಿ ವಿಂಡೋಸ್‌ಗಿಂತ ಸೊಗಸಾಗಿದೆ. ಆದರೆ ಮೋಸ ತಡೆಯುವ ತಂತ್ರಾಂಶ ಅಳವಡಿಸಿರುವ ವ್ಯಾಲೊರಂಟ್, ಫೋರ್ಟ್‌ನೈಟ್‌ನಂತಹ ಆಟಗಳು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಕೂಡ 2024ರಲ್ಲಿ ಲಿನಕ್ಸ್‌ಗೆ ಬಾಗಿಲು ಮುಚ್ಚಿತು. ಎಎಂಡಿ ಕಾರ್ಡು ಹಾಕಿದವರಿಗೆ ಇನ್ನೊಂದು ತೊಡಕು: ಎಚ್‌ಡಿಎಂಐ 2.1 ಅನ್ನು ಲಿನಕ್ಸ್‌ನ ಮುಕ್ತ ಡ್ರೈವರಿನಲ್ಲಿ ಅಳವಡಿಸಲು ಎಎಂಡಿ ಮಾಡಿದ ಪ್ರಯತ್ನಕ್ಕೆ, ಆ ಮಾನಕವನ್ನು ರೂಪಿಸುವ ಎಚ್‌ಡಿಎಂಐ ಫೋರಮ್ 2024ರಲ್ಲಿ ಒಪ್ಪಿಗೆ ಕೊಡಲಿಲ್ಲ. ಮಗನ ಸ್ನೇಹಿತರು ಆಡುವ ಆಟಗಳು ವಿಂಡೋಸನ್ನೇ ಬೇಡುತ್ತಿದ್ದುದರಿಂದ ನಾವು ಅಲ್ಲೇ ಉಳಿದೆವು.

ಸದ್ದು ಮತ್ತು ಬಿಸಿಯ ಬಗ್ಗೆ ನನಗೆ ಅತ್ಯಂತ ತೃಪ್ತಿ ತಂದ ಕೆಲಸವೆಂದರೆ ವಿದ್ಯುತ್ ಮಿತಿ ಇಳಿಸಿದ್ದು. 200 ವ್ಯಾಟಿನ ಕಾರ್ಡಿಗೆ ಸುಮಾರು 150 ವ್ಯಾಟಿನ ಮಿತಿ ಹಾಕಿ, ಪ್ರೊಸೆಸರನ್ನು ಇಕೋ ಮೋಡ್‌ಗೆ ತಂದಾಗ ಆಟದ ವೇಗದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾಗಲಿಲ್ಲ, ಫ್ಯಾನಿನ ಸದ್ದು ಮಾತ್ರ ಸಂಭಾಷಣೆಗೆ ಅಡ್ಡಿಯಾಗದಷ್ಟು ಇಳಿಯಿತು. ಕರೆಂಟು ಹೋದಾಗಲೂ ಇದು ನೆರವಿಗೆ ಬರುತ್ತದೆ, ಇನ್ವರ್ಟರಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ಮನೆಯ ಇನ್ವರ್ಟರನ್ನು ಇಕೋ ಮೋಡ್‌ನಲ್ಲಿಟ್ಟರೆ ಕರೆಂಟು ಹೋದ ಕೂಡಲೇ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿಬಿಡಬಹುದು. ಯುಪಿಎಸ್ ಮೋಡ್‌ನಲ್ಲಿ ಆ ಬದಲಾವಣೆ ಬೇಗ ಆಗುತ್ತದೆ. ಕನ್ಸೋಲ್‌ಗೂ ಇದೇ ಮಾತು ಅನ್ವಯಿಸುತ್ತದೆ, ಅದರಲ್ಲೂ ಪೂರ್ತಿ ಆಫ್ ಮಾಡದೆ ರೆಸ್ಟ್ ಮೋಡ್‌ನಲ್ಲಿ ಬಿಡುವ ಅಭ್ಯಾಸವಿದ್ದವರಿಗೆ.

ಇದೆಲ್ಲವನ್ನೂ ಮಾಡಿ ಮುಗಿಸಿದ ಮೇಲೆಯೂ, ಹುಬ್ಬಳ್ಳಿಯಲ್ಲಿರುವ ನನ್ನ ಭಾವಮೈದುನ ಕೇಳಿದಾಗ ನಾನು ಸೂಚಿಸಿದ್ದು ಕನ್ಸೋಲನ್ನೇ. “ಭಾವ, ಮಗ ಶಾಲೆಯಿಂದ ಬಂದು ಬಟನ್ ಒತ್ತಿದರೆ ಆಟ ಬರಬೇಕು, ಅದರ ಮುಂದೆ ಕೂತು ನೋಡೋಕೆ ನನಗೆ ಹೊತ್ತಿಲ್ಲ,” ಎಂದು ಅವನೇ ಹೇಳಿದ್ದ. ಆ ಮನೆಯಲ್ಲಿ ಡ್ರೈವರ್ ಅಪ್‌ಡೇಟ್ ನೋಡುವವರಿಲ್ಲ, ಹಳೆಯ ಆಟಗಳ ಸಂಗ್ರಹವಿಲ್ಲ, ಬೇರೆ ಕೆಲಸಕ್ಕೆ ಲ್ಯಾಪ್‌ಟಾಪ್ ಇದ್ದೇ ಇದೆ. ಸೋನಿಯ ಸ್ವಂತ ದೊಡ್ಡ ಆಟಗಳು ಪಿಸಿಗೆ ತಡವಾಗಿ ಬರುತ್ತವೆ ಎಂಬುದೂ ಒಂದು ಕಾರಣ: 2022ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂದ ಗಾಡ್ ಆಫ್ ವಾರ್ ರಾಗ್ನರಾಕ್ ಪಿಸಿಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಜಿಟಿಎ 6 ಅನ್ನು ಪ್ರಕಟಿಸಿದ್ದು ಕೂಡ ಕನ್ಸೋಲ್‌ಗಳಿಗಾಗಿ ಮಾತ್ರ.

2025ರ ನವೆಂಬರ್‌ನಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ, ಟಿ.ವಿ.ಗೆ ಜೋಡಿಸಬಹುದಾದ ತನ್ನ ಪುಟ್ಟ ಘನಾಕಾರದ ಗೇಮಿಂಗ್ ಪಿಸಿ ಸ್ಟೀಮ್ ಮೆಷಿನನ್ನು ಪ್ರಕಟಿಸಿದ ಮೇಲೆ, ಅದಕ್ಕಾಗಿ ಕಾಯಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ನಾನು ಕೈಯಿಂದ ಹೊಂದಿಸಿದ ಅನೇಕ ಸಂಗತಿಗಳು ಅದರಲ್ಲಿ ಹುಟ್ಟಿನಿಂದಲೇ ಇವೆ, ಸಿಇಸಿ ಕೂಡ. ಆದರೆ ಅದರ ಗ್ರಾಫಿಕ್ಸ್‌ಗೆ 8 ಜಿಬಿ ಮೆಮೊರಿ ಮಾತ್ರ ಇದೆ. ಅದೇ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ 2022ರಲ್ಲಿ ಬಿಡುಗಡೆಯಾದ ಮೇಲೆ ಇಲ್ಲಿನ ಆಸಕ್ತರು ಅದನ್ನು ಹೊರಗಿನಿಂದ ತರಿಸುವವರ ಬಳಿ ಹೆಚ್ಚಿನ ಬೆಲೆಗೆ, ಸರಿಯಾದ ವಾರಂಟಿಯಿಲ್ಲದೆ ಕೊಂಡದ್ದನ್ನು ನಾನು ಕಂಡಿದ್ದೇನೆ. ಇಲ್ಲಿಯೇ ಸರ್ವಿಸ್ ಸಿಗುವ ಖಾತ್ರಿಯಿಲ್ಲದೆ ಸ್ಟೀಮ್ ಮೆಷಿನನ್ನು ಕೊಳ್ಳಬೇಡಿ ಎಂದೇ ನಾನು ಅವರಿಗೆ ಹೇಳುವುದು. ಸ್ವತಃ ಪಿಸಿ ಕಟ್ಟಿಸುವವರು 2025ರ ಕೊನೆಯಿಂದ ರ್‍ಯಾಮ್‌ನ ಬೆಲೆ ತೀವ್ರವಾಗಿ ಏರಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳೆಯ ಪಿಸಿಯಲ್ಲಿ ಡಿಡಿಆರ್5 ರ್‍ಯಾಮ್ ಇದ್ದರೆ ಅದನ್ನು ಮಾರಬೇಡಿ, ಹೊಸ ಬೋರ್ಡಿಗೆ ಅದೇ ಸಾಕು.