ಪ್ರಶ್ನೆ ಹಿಡಿದು ಲೈಬ್ರರಿಗೆ ಹೋಗಿ

ಮಕ್ಕಳು ಕೆಲಸಕ್ಕೆಂದು ದೂರದ ಊರು ಸೇರಿದ ಮೇಲೆ, ಮನೆಯಲ್ಲಿ ಉಳಿದ ಹಿರಿಯರನ್ನು ನೋಡಿಕೊಳ್ಳುವವರು ಯಾರು? ಇದು ನಿಮ್ಮ ಸಂಶೋಧನೆಯ ಪ್ರಶ್ನೆ ಎಂದುಕೊಳ್ಳಿ. ಈ ಒಂದೇ ಪ್ರಶ್ನೆ ಹಿಡಿದು ಯೂನಿವರ್ಸಿಟಿ ಲೈಬ್ರರಿಯ ಒಳಗೆ ಹೋಗೋಣ. ಎಲ್ಲಿಂದ ಶುರು ಮಾಡಬೇಕು, ಯಾರನ್ನು ಕೇಳಬೇಕು, ಎಲ್ಲಿ ಎಡವುತ್ತೇವೆ, ಒಂದೊಂದಾಗಿ ನೋಡೋಣ.

ಮೊದಲು ಪದಗಳು

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಮೂರು ಕಾಲಂ ಎಳೆಯಿರಿ. ನಮ್ಮ ಪ್ರಶ್ನೆಯಲ್ಲಿ ಮೂರು ವಿಷಯಗಳಿವೆ: ವಲಸೆ, ಹಿರಿಯರು, ಆರೈಕೆ. ಒಂದೊಂದರ ಕೆಳಗೂ ಅದೇ ಅರ್ಥದ ಬೇರೆ ಪದಗಳನ್ನು ಬರೆಯುತ್ತಾ ಹೋಗಿ. ಹೆಚ್ಚಿನ ಡೇಟಾಬೇಸ್‌ಗಳಲ್ಲಿ ಹುಡುಕುವುದು ಇಂಗ್ಲಿಷ್‌ನಲ್ಲೇ. ಹಾಗಾಗಿ ಹಿರಿಯರ ಕಾಲಂನಲ್ಲಿ ‘ಓಲ್ಡರ್ ಪೀಪಲ್’, ‘ಎಲ್ಡರ್ಲಿ’, ‘ಏಜಿಂಗ್’ ಎಲ್ಲವೂ ಬೇಕು. ಹಳೆಯ ಕ್ಯಾಟಲಾಗ್‌ಗಳಲ್ಲಿ ಈ ವಿಷಯ ‘ಏಜ್ಡ್’ ಎಂಬ ತಲೆಬರಹದಡಿ ಇತ್ತು. ಆ ಪದ ಬಿಟ್ಟರೆ ಹಳೆಯ ಪುಸ್ತಕಗಳು ಕೈತಪ್ಪುತ್ತವೆ.

ಹುಡುಕುವಾಗ ಒಂದೇ ಕಾಲಂನ ಪದಗಳ ನಡುವೆ ‘ಆರ್’ (ಅಥವಾ) ಹಾಕಿ, ಫಲಿತಾಂಶ ಹಿಗ್ಗುತ್ತದೆ. ಕಾಲಂ ಕಾಲಂಗಳ ನಡುವೆ ‘ಆಂಡ್’ (ಮತ್ತು) ಹಾಕಿ, ಕುಗ್ಗುತ್ತದೆ. ‘ಮೈಗ್ರೆಂಟ್’, ‘ಮೈಗ್ರೇಶನ್’ ಎರಡರಲ್ಲೂ ಮೊದಲ ಐದು ಇಂಗ್ಲಿಷ್ ಅಕ್ಷರಗಳು ಒಂದೇ ಅಲ್ವಾ? ಆ ಐದು ಅಕ್ಷರ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಇಟ್ಟರೆ ಎರಡೂ ಒಟ್ಟಿಗೆ ಸಿಗುತ್ತವೆ. ಯಾವ ದಿನ, ಎಲ್ಲಿ, ಯಾವ ಪದ ಹಾಕಿ ಹುಡುಕಿದಿರಿ ಎಂದು ಬರೆದಿಡಿ. ಆರು ತಿಂಗಳ ನಂತರ ಗೈಡ್ ಕೇಳಿದಾಗ ನೆನಪಿಗೆ ಬರುವುದಿಲ್ಲ.

ಲೈಬ್ರರಿಯನ್ ಹತ್ತಿರ ಬೇಗ ಹೋಗಿ

ಈ ಹಾಳೆ ಕೈಯಲ್ಲಿದ್ದಾಗಲೇ ಸಮಾಜ ವಿಜ್ಞಾನ ನೋಡಿಕೊಳ್ಳುವ ಲೈಬ್ರರಿಯನ್‌ರನ್ನು ಭೇಟಿ ಮಾಡಿ. ಪ್ರಬಂಧ ಅರ್ಧ ಮುಗಿದ ಮೇಲಲ್ಲ, ಪ್ರಶ್ನೆ ಇನ್ನೂ ಹಸಿಯಾಗಿರುವಾಗ. ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ. ತುಂಬಾ ವಿದ್ಯಾರ್ಥಿಗಳು ಸಂಕೋಚದಿಂದ ಕೌಂಟರ್ ದಾಟಿ ಹೋಗಿಬಿಡುತ್ತಾರೆ. ನೋಡಿದರೆ ಬೇಸರವಾಗುತ್ತದೆ. ನಿಮ್ಮ ಪ್ರಶ್ನೆ ಕೇಳಿಸಿಕೊಂಡು ದಾರಿ ತೋರಿಸುವುದೇ ಅವರ ಕೆಲಸ.

ಕೇಳುವ ರೀತಿ ಮಾತ್ರ ಮುಖ್ಯ. ‘ವಲಸೆ ಬಗ್ಗೆ ಏನಾದ್ರೂ ಇದೆಯಾ?’ ಎಂದರೆ ಅವರು ಒಂದು ಇಡೀ ಕಪಾಟನ್ನೇ ತೋರಿಸಬೇಕಾಗುತ್ತದೆ. ‘ಮಕ್ಕಳು ವಲಸೆ ಹೋದ ಮನೆಗಳಲ್ಲಿ ಹಿರಿಯರ ಆರೈಕೆ ಬಗ್ಗೆ ಓದುತ್ತಿದ್ದೇನೆ. ಈ ಪದಗಳಲ್ಲಿ ಹುಡುಕಿದೆ, ಬರೀ ಆರೋಗ್ಯದ ಲೇಖನಗಳು ಬಂದವು. ಕುಟುಂಬದ ಬಗ್ಗೆ ಬೇಕು’ ಎನ್ನಿ. ಹತ್ತೇ ನಿಮಿಷದಲ್ಲಿ ಮಾತು ಸರಿಯಾದ ಜಾಗಕ್ಕೆ ಬರುತ್ತದೆ.

ಕಪಾಟಿನಲ್ಲಿ ನಾಲ್ಕು ಕಡೆ

ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ವರ್ಗೀಕರಣ ಬಳಸುವ ಲೈಬ್ರರಿಗಳಲ್ಲಿ ಸಮಾಜ ವಿಜ್ಞಾನಕ್ಕೆ 300ರ ಸಾಲು. ನಮ್ಮ ಪ್ರಶ್ನೆಯ ಪುಸ್ತಕಗಳು ಮಾತ್ರ ಆ ಸಾಲಿನಲ್ಲಿ ಚದುರಿ ಕೂತಿರುತ್ತವೆ. ವಲಸೆ 304.8ರಲ್ಲಿ, ವಯಸ್ಸಾದವರ ಬದುಕು 305.26ರಲ್ಲಿ, ಮದುವೆ ಮತ್ತು ಕುಟುಂಬ 306.8ರಲ್ಲಿ, ಹಿರಿಯರಿಗಾಗಿ ಇರುವ ಸೇವೆಗಳು 362.6ರಲ್ಲಿ. ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿ ಇದ್ದರೆ ‘ಎಚ್’ ಅಕ್ಷರದ ಕಡೆ ಹೋಗಿ. ಒಂದು ಒಳ್ಳೆಯ ಪುಸ್ತಕ ಸಿಕ್ಕಿತು ಎಂದರೆ ಅದರ ಎಡಬಲದ ಹತ್ತು ಪುಸ್ತಕಗಳನ್ನೂ ತೆಗೆದು ನೋಡಿ. ಕ್ಯಾಟಲಾಗ್‌ನಲ್ಲಿ ಹೊಳೆಯದ ಹೆಸರುಗಳು ಅಲ್ಲಿ ಕಣ್ಣಿಗೆ ಬೀಳುತ್ತವೆ.

ಲೇಖನಗಳಿಗೆ ಡೇಟಾಬೇಸ್

1995ರಲ್ಲಿ ಶುರುವಾದ ಜೆಸ್ಟೋರ್ ಹಳೆಯ ಜರ್ನಲ್ ಸಂಚಿಕೆಗಳಿಗೆ ದೊಡ್ಡ ಆಸರೆ. ಆದರೆ ಅದರಲ್ಲಿ ಹಲವು ಜರ್ನಲ್‌ಗಳ ಇತ್ತೀಚಿನ ಕೆಲವು ವರ್ಷಗಳ ಸಂಚಿಕೆ ಇರುವುದಿಲ್ಲ. ಹೊಸದು ಬೇಕಿದ್ದರೆ ವೆಬ್ ಆಫ್ ಸೈನ್ಸ್ ಅಥವಾ ಸ್ಕೋಪಸ್ ತೆರೆಯಿರಿ. ಇವುಗಳಲ್ಲಿ ಇನ್ನೊಂದು ಅನುಕೂಲ ಇದೆ. ಒಂದು ಲೇಖನ ಯಾರನ್ನು ಉಲ್ಲೇಖಿಸಿದೆ ಎಂದು ಹಿಂದಕ್ಕೂ ಹೋಗಬಹುದು, ಅದನ್ನು ಆಮೇಲೆ ಯಾರು ಉಲ್ಲೇಖಿಸಿದರು ಎಂದು ಮುಂದಕ್ಕೂ ಹೋಗಬಹುದು. ಲೇಖಕರೇ ತಮ್ಮ ಬರಹ ಹಾಕುವ ಎಸ್‌ಎಸ್‌ಆರ್‌ಎನ್ ತಾಣದಲ್ಲಿ ಸಿಗುವ ಎಷ್ಟೋ ಬರಹಗಳು ಇನ್ನೂ ಪರಿಣತರ ಪರಿಶೀಲನೆಗೆ ಒಳಗಾಗಿರುವುದಿಲ್ಲ. ಓದಿ, ಆದರೆ ಆ ಎಚ್ಚರ ಇರಲಿ.

ಮನೆಯಲ್ಲಿ ಕೂತು ಹುಡುಕುವಾಗ ಲೇಖನಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಲೈಬ್ರರಿಯ ಪುಟದಿಂದ ಲಾಗಿನ್ ಆಗಿ ಮತ್ತೆ ಹೋಗಿ. ಲೈಬ್ರರಿ ಚಂದಾ ಕಟ್ಟಿರುವ ಜರ್ನಲ್ ಆದರೆ ಬಾಗಿಲು ತೆರೆಯುತ್ತದೆ. ಅಲ್ಲೂ ಇಲ್ಲದಿದ್ದರೆ ಇಂಟರ್‌ಲೈಬ್ರರಿ ಲೋನ್ ಅರ್ಜಿ ಹಾಕಿ, ಬೇರೆ ಲೈಬ್ರರಿಯಿಂದ ತರಿಸಿಕೊಡುತ್ತಾರೆ. ಪುಸ್ತಕ ಬರಲು ದಿನಗಳು ಹಿಡಿಯುತ್ತವೆ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಅಂಕಿಅಂಶ: ಕೋಡ್‌ಬುಕ್ ಬಿಟ್ಟು ಮುಟ್ಟಬೇಡಿ

ಎಲ್ಲರೂ ಹೊಸದಾಗಿ ಸಮೀಕ್ಷೆ ಮಾಡಬೇಕಿಲ್ಲ. ಬೇರೆಯವರು ಮಾಡಿದ ಸಮೀಕ್ಷೆಗಳ ಮೂಲ ಡೇಟಾವನ್ನು ಜೋಪಾನ ಮಾಡುವ ಸಂಗ್ರಹಗಳಿವೆ. ಅಮೆರಿಕದ ಮಿಷಿಗನ್ ಯೂನಿವರ್ಸಿಟಿಯಲ್ಲಿ 1962ರಲ್ಲಿ ಶುರುವಾದ ಐಸಿಪಿಎಸ್‌ಆರ್ ಅಂಥದ್ದು. 1967ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಇನ್ನೊಂದು ಶುರುವಾಯಿತು, ಈಗ ಅದರ ಹೆಸರು ಯುಕೆ ಡೇಟಾ ಆರ್ಕೈವ್. ನಿಮ್ಮ ಯೂನಿವರ್ಸಿಟಿ ಐಸಿಪಿಎಸ್‌ಆರ್‌ಗೆ ಸದಸ್ಯವೇ ಎಂದು ಕೌಂಟರ್‌ನಲ್ಲೇ ಕೇಳಿ.

ಡೇಟಾ ಫೈಲಿನ ಜೊತೆ ಕೋಡ್‌ಬುಕ್ ಎಂಬ ದಾಖಲೆ ಬರುತ್ತದೆ. ಅದನ್ನು ಓದದೆ ಲೆಕ್ಕಕ್ಕೆ ಇಳಿದರೆ ಏನಾಗುತ್ತದೆ ನೋಡಿ. ‘ಮಕ್ಕಳು ತಿಂಗಳಿಗೆ ಎಷ್ಟು ಸಲ ಫೋನ್ ಮಾಡುತ್ತಾರೆ?’ ಎಂದು ಹತ್ತು ಹಿರಿಯರನ್ನು ಕೇಳಿದ್ದಾರೆ. ಒಂಬತ್ತು ಜನ 4 ಎಂದಿದ್ದಾರೆ. ಹತ್ತನೆಯ ಸಾಲಿನಲ್ಲಿ 99 ಇದೆ. ಸುಮ್ನೆ ಸರಾಸರಿ ತೆಗೆದರೆ 13.5 ಬರುತ್ತದೆ. ಕೋಡ್‌ಬುಕ್ ತೆರೆದರೆ 99 ಎಂದರೆ ‘ಉತ್ತರ ಕೊಡಲಿಲ್ಲ’ ಎಂದು ಬರೆದಿದೆ. ಆ ಸಾಲು ಬಿಟ್ಟರೆ ಸರಾಸರಿ 4. ತಿಂಗಳಿಗೆ ನಾಲ್ಕೇ ಕರೆಗೆ ಕಾಯುವ ಹಿರಿಯರ ಬಗ್ಗೆ, ಎರಡು ದಿನಕ್ಕೊಮ್ಮೆ ಫೋನ್ ಬರುತ್ತದೆ ಎಂದು ಬರೆದುಬಿಡುತ್ತಿದ್ದಿರಿ. ಡೇಟಾ ನೋಡಿಕೊಳ್ಳುವ ಸಿಬ್ಬಂದಿ ಇದ್ದರೆ ಮೊದಲ ಸಲ ಅವರ ಜೊತೆ ಕೂತೇ ಫೈಲ್ ತೆರೆಯಿರಿ. ಎಸ್‌ಪಿಎಸ್‌ಎಸ್, ಆರ್ ಎಂಬ ಅಂಕಿಅಂಶ ಲೆಕ್ಕದ ತಂತ್ರಾಂಶಗಳನ್ನು ಕಲಿಸುವ ತರಗತಿಗಳನ್ನೂ ಎಷ್ಟೋ ಲೈಬ್ರರಿಗಳು ನಡೆಸುತ್ತವೆ.

ಹಳೆಯ ಪತ್ರ, ದಾಖಲೆ ಬೇಕಿದ್ದರೆ ಆರ್ಕೈವ್ ವಿಭಾಗಕ್ಕೆ ಮೊದಲೇ ತಿಳಿಸಿ ಹೋಗಿ. ಅಲ್ಲಿ ಸಾಮಾನ್ಯವಾಗಿ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಇಟ್ಟುಕೊಳ್ಳಿ.

ಓದಿದ್ದನ್ನು ಕೂಡಿಡುವುದು

ಮೊದಲ ಲೇಖನ ಸಿಕ್ಕ ದಿನವೇ ಝೊಟೆರೋ ಹಾಕಿಕೊಳ್ಳಿ. 2006ರಲ್ಲಿ ಬಂದ ಈ ಉಚಿತ ತಂತ್ರಾಂಶ ಲೇಖಕರ ಹೆಸರು, ವರ್ಷ, ಪುಟಗಳನ್ನು ತಾನೇ ಎಳೆದುಕೊಳ್ಳುತ್ತದೆ. ಕೆಲವೊಮ್ಮೆ ವರ್ಷ ಬಿಟ್ಟುಹೋಗಿರುತ್ತದೆ, ಒಂದು ಸಲ ಕಣ್ಣಾಡಿಸಿ.

ಕೊನೆಗೆ, ಲೈಬ್ರರಿಯನ್ ಜೊತೆ ಕೂತು ತಿದ್ದಿದ ಆ ಪದಗಳ ಸಾಲನ್ನು ಡೇಟಾಬೇಸ್‌ನಲ್ಲಿ ಸೇವ್ ಮಾಡಿ ಅಲರ್ಟ್ ಹಾಕಿ. ನೀವು ಬರೆಯಲು ಕೂತ ದಿನಗಳಲ್ಲಿ ಹೊಸ ಲೇಖನ ಬಂದರೆ ಅದರ ಸುದ್ದಿ ನಿಮ್ಮ ಮೇಲ್‌ಗೇ ಬಂದು ಬೀಳುತ್ತದೆ.