ಮೀನಿನ ಮೇವಿಗೆ ಕಡಲಕಳೆ: ನನ್ನ ಅನುಭವ

ತೀರ್ಥಹಳ್ಳಿ ಸೀಮೆಯ ನಮ್ಮ ಅಡಿಕೆ ತೋಟದ ಕೆಳಗಿನ ಹೊಂಡದಲ್ಲಿ ಕಾಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳನ್ನು ಒಟ್ಟಿಗೆ ಸಾಕುತ್ತಿದ್ದೇನೆ. ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯೇ ಅವುಗಳ ಮುಖ್ಯ ಮೇವು. ಆದರೆ ಈ ಮಿಶ್ರಣದ ಉಂಡೆ ಮೀನು ಬಾಯಿ ಹಾಕುವ ಮೊದಲೇ ನೀರಿನಲ್ಲಿ ಕದಡಿಹೋಗಿ, ತಳದಲ್ಲಿ ಕೊಳೆತು, ಹೊಂಡದ ಆಮ್ಲಜನಕವನ್ನು ಕುಗ್ಗಿಸುತ್ತಿತ್ತು. ಕಡಲಕಳೆಯನ್ನು ನಾನು ಮೇವಿಗೆ ಸೇರಿಸತೊಡಗಿದ್ದು ಮುಖ್ಯವಾಗಿ ಇದನ್ನು ತಡೆಯುವುದಕ್ಕಾಗಿ.

ನಾನು ಬಳಸುವುದು ಸರ್ಗಾಸಮ್ ಎಂಬ ಕಂದು ಬಣ್ಣದ ಜಾತಿ; ಎಲೆಗಳ ಬುಡದಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಗಾಳಿಗುಳ್ಳೆಗಳಿರುವುದರಿಂದ ಅದನ್ನು ಗುರುತಿಸುವುದು ಸುಲಭ. ಬಂಡೆಗೆ ಅಂಟಿ ಬೆಳೆದದ್ದನ್ನು ಕಿತ್ತರೆ ಮೀನುಮರಿಗಳ ಆಸರೆಯೇ ಹೋಗುತ್ತದೆ. ಆದ್ದರಿಂದ ಅಲೆಯೊಡನೆ ದಡಕ್ಕೆ ಬಂದದ್ದನ್ನು, ಇನ್ನೂ ಹಸಿಯಾಗಿರುವಾಗಲೇ, ಕರಾವಳಿಯ ಪರಿಚಯದವರಿಂದ ತರಿಸಿಕೊಳ್ಳುತ್ತೇನೆ. ಬಂದರು ಮತ್ತು ಚರಂಡಿ ನೀರು ಸೇರುವ ಜಾಗದ ಕಳೆ ಬೇಡವೆಂದು ಮೊದಲೇ ಹೇಳಿರುತ್ತೇನೆ, ಏಕೆಂದರೆ ಈ ಸಸ್ಯ ಆರ್ಸೆನಿಕ್‌ನಂತಹ ವಿಷಕಾರಿ ಧಾತುಗಳನ್ನೂ ನೀರಿನಿಂದ ಹೀರಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಶ್ರಮ ಬೇಡುವುದು ತೊಳೆಯುವ ಕೆಲಸ. ಮರಳು, ಚಿಪ್ಪಿನ ಚೂರುಗಳು ಉದುರಿದ ಮೇಲೂ ಉಪ್ಪು ಉಳಿದಿರುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ, ನಮ್ಮ ಮಳೆಗಾಲದಲ್ಲಿ ಸರಿಯಾಗಿ ತೊಳೆಯದ ಪುಡಿ ಡಬ್ಬದೊಳಗೇ ಗಟ್ಟಿಯಾಗಿ ಬೂಸಲು ಹಿಡಿಯುತ್ತದೆ. ಹಾಗಾಗಿ ನಾಲಿಗೆಗೆ ಉಪ್ಪು ಹತ್ತದಷ್ಟು ಸಿಹಿನೀರಿನಲ್ಲಿ ತೊಳೆದು, ಸುಗ್ಗಿ ಮುಗಿದ ಮೇಲೆ ಅಡಿಕೆ ಒಣಗಿಸುವ ಅಂಗಳದಲ್ಲೇ ಹರವಿ, ಮುರಿದರೆ ಚಟ್ಟೆಂದು ತುಂಡಾಗುವವರೆಗೆ ಒಣಗಿಸಿ ಪುಡಿ ಮಾಡಿಸುತ್ತೇನೆ.

ಹತ್ತು ಕಿಲೋ ಮೇವಿಗೆ 300 ಗ್ರಾಂ ಪುಡಿ ಸಾಕು. 500 ಗ್ರಾಂ ದಾಟುವುದಿಲ್ಲ. ಇದರಲ್ಲಿ ಖನಿಜಾಂಶ ಹೆಚ್ಚು, ಪ್ರೋಟೀನ್ ಕಡಿಮೆ, ಜೊತೆಗೆ ಮೀನಿಗೆ ಸುಲಭವಾಗಿ ಅರಗದ ನಾರೂ ಇದೆ. ಹಿಂಡಿಯನ್ನು ಕಡಿತಗೊಳಿಸಿ ಆ ಜಾಗಕ್ಕೆ ಇದನ್ನು ತುಂಬುವವರು ಮೀನಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತಾರೆ. ಪುಡಿಯನ್ನು ಚಿಟಿಕೆ ಅಡಿಗೆ ಸೋಡಾದೊಂದಿಗೆ ನೀರಿನಲ್ಲಿ ಕುದಿಸಿದಾಗ ಅದರಲ್ಲಿರುವ ಆಲ್ಜಿನೇಟ್ ಎಂಬ ಅಂಟು ಪದಾರ್ಥ ಬಿಟ್ಟುಕೊಂಡು ಲೋಳೆಯಾಗುತ್ತದೆ. ಆರಿದ ಮೇಲೆ ಆ ಲೋಳೆಯಲ್ಲಿ ತೌಡು, ಹಿಂಡಿಯನ್ನು ನಾದಿ ಉಂಡೆ ಕಟ್ಟಿದರೆ ಕೈಗೆ ಅಂಟುವಷ್ಟು ಬಿಗಿ ಬರುತ್ತದೆ. ಒಂದು ಉಂಡೆಯನ್ನು ಬಕೆಟ್ ನೀರಿನಲ್ಲಿ ಬಿಟ್ಟು, ಅದು ಎಷ್ಟು ಹೊತ್ತು ಒಡೆಯದೆ ನಿಲ್ಲುತ್ತದೆ ಎಂದು ನೋಡಿದ ಮೇಲೆಯೇ ಉಳಿದದ್ದನ್ನು ಹೊಂಡಕ್ಕೆ ಒಯ್ಯುತ್ತೇನೆ.

ಮಲೆನಾಡಿನ ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದುಹೋಗಿ ಹೊಂಡದ ನೀರು ಹುಳಿಯಾಗುವ ಸಮಸ್ಯೆಗೆ ಕಡಲಕಳೆ ಪರಿಹಾರವಲ್ಲ. ಅದಕ್ಕೆ ಕೃಷಿ ಸುಣ್ಣವನ್ನೇ ಹಾಕಬೇಕು. ಮೋಡ ಮುಚ್ಚಿದ ಆಷಾಢದ ದಿನಗಳಲ್ಲಿ, ಆಮ್ಲಜನಕ ಸಾಲದೆ ಮೀನು ಬೆಳಗ್ಗೆ ಮೇಲೆ ಬಂದು ಬಾಯಿ ತೆರೆಯುವುದು ಕಂಡರೆ, ಉಂಡೆ ಎಷ್ಟೇ ಗಟ್ಟಿಯಿದ್ದರೂ ಆ ದಿನ ಮೇವು ಹಾಕುವುದಿಲ್ಲ.